ಅಪ್ಪನ ಕಾಲು, ಆಗ್ಸ್‌ಬರ್ಗಿನ ಪಾಠ

ಬರೆಯದೆ ನಾಲ್ಕು ತಿಂಗಳ ಮೇಲಾಯ್ತು. "ಎಲ್ಲಿ ಮಾಯವಾದೆಯೋ?" ಅಂತ ಕೇಳಿದ ಗೆಳೆಯರಿಗೆಲ್ಲ ರಿಲೀಸ್ ಇತ್ತು, ಚಳಿ ಇತ್ತು ಅಂತ ಏನೇನೋ ಹೇಳಿದೆ. ನಿಜವಾದ ಕಾರಣ ಅದಲ್ಲ. ಇವತ್ತು ಬರೆದೇಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಶುರು ಆಫೀಸಿನಿಂದ. ನಾನಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಕೆಲಸ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯೋದು. ಕಳೆದ ನವೆಂಬರಿನಲ್ಲಿ ನಮ್ಮ ಟೀಮಿಗೆ ಒಂದು ಹೊಸ ಫಾರಂ ಮಾಡೋ ಕೆಲಸ ಬಂತು. ರೋಗಿ ಮೊದಲ ಸಲ ಬಂದಾಗ ತುಂಬೋ ಫಾರಂ. ಹೆಸರು, ಹುಟ್ಟಿದ ದಿನ, ವಿಳಾಸ, ಇನ್ಶೂರೆನ್ಸ್ ನಂಬರು ಇತ್ಯಾದಿ. ಮೀಟಿಂಗಿನ ಮೊದಲ ಸ್ಲೈಡಿನಲ್ಲೇ ದಪ್ಪ ಅಕ್ಷರದಲ್ಲಿ 'ಹ್ಯೂಮನ್ ಸೆಂಟರ್ಡ್ ಡಿಸೈನ್' ಅಂತ ಇತ್ತು. ಅಂದರೆ ಮನುಷ್ಯನನ್ನ ನಡುಮಧ್ಯೆ ಇಟ್ಟುಕೊಂಡು ಮಾಡೋ ಕೆಲಸ. ಗೋಡೆ ತುಂಬಾ ಹಳದಿ ಚೀಟಿ ಅಂಟಿಸಿದ್ವಿ. 'ಸೂಸನ್, 42 ವರ್ಷ, ಇಬ್ಬರು ಮಕ್ಕಳು' ಅಂತ ಇಲ್ಲದ ಮನುಷ್ಯರನ್ನ ಹುಟ್ಟಿಸಿ ಅವರಿಗೊಂದು ನಗೋ ಫೋಟೋ ಕೊಟ್ವಿ. ಇಡೀ ಎರಡು ವಾರದಲ್ಲಿ ನಾನು ಒಬ್ಬನೇ ಒಬ್ಬ ರೋಗಿಯನ್ನ ನೋಡಲಿಲ್ಲ. ವಿಳಾಸದ ಡಬ್ಬಿಯ ಪಕ್ಕ ಕೆಂಪು ನಕ್ಷತ್ರ ಹಾಕಿದವನು ನಾನೇ. ತುಂಬದಿದ್ದರೆ ಮುಂದಿನ ಪುಟಕ್ಕೆ ಹೋಗೋ ಹಾಗಿಲ್ಲ. ಕೋಡು ಅಚ್ಚುಕಟ್ಟಾಗಿತ್ತು, ರಿವ್ಯೂನಲ್ಲಿ ಯಾರೂ ಒಂದು ತಪ್ಪು ಹುಡುಕಲಿಲ್ಲ.

ಇದನ್ನ ನಮ್ಮ ಅಪಾರ್ಟ್‌ಮೆಂಟಿನ ಅಕ್ಕನಿಗೆ ಜಂಬದಿಂದ ಹೇಳಿದೆ. ಅಕ್ಕ ಉಡುಪಿ ಕಡೆಯವರು, ಇಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸು. ಊರಲ್ಲಿ ಡಿಪ್ಲೊಮಾ ಮಾಡಿದ್ದರು. ಈಗ ಕೆಲಸ ಮಾಡಿಕೊಂಡೇ ಇಲ್ಲಿನ ಆಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಡಿಗ್ರಿ ಓದುತ್ತಿದ್ದಾರೆ. ನನ್ನ ಕಥೆ ಪೂರ್ತಿ ಕೇಳಿ ನಕ್ಕರು. "ಎಂತ ಮಾರಾಯ, ಮನೆಯೇ ಇಲ್ಲದವರು ಬಂದರೆ ನಿನ್ನ ನಕ್ಷತ್ರಕ್ಕೆ ಎಂತ ಬರೀಬೇಕು? ನಮ್ಮ ಕಾಲೇಜಿಗೆ ಒಮ್ಮೆ ಬಾ. ಅಲ್ಲಿ ಮೊದಲು ಮನುಷ್ಯ, ಆಮೇಲೆ ಫಾರಂ."

ಸುಮ್ಮನೆ ಹೇಳಿದ್ದು ಅಂದುಕೊಂಡೆ. ಅವರು ಬಿಡಲಿಲ್ಲ.

*

ಆಗ್ಸ್‌ಬರ್ಗ್ ಇರೋದು ಊರಿನ ನಡುವೆ, ರಿವರ್‌ಸೈಡ್ ಅವೆನ್ಯೂ ಅನ್ನೋ ರಸ್ತೆಯಲ್ಲಿ. ಸಿನಿಮಾದಲ್ಲಿ ತೋರಿಸೋ ಹಾಗೆ ಊರಾಚೆಯ ಹಸಿರು ಹುಲ್ಲಿನ ದೊಡ್ಡ ಕ್ಯಾಂಪಸ್ ಅಲ್ಲ. ಒಂದು ಕಡೆ ಹೆದ್ದಾರಿಯ ಗದ್ದಲ, ಇನ್ನೊಂದು ಕಡೆ ಆಸ್ಪತ್ರೆ. ಸ್ವಲ್ಪ ದೂರದಲ್ಲಿ ಮಿಸಿಸಿಪ್ಪಿ ನದಿ. ಇತ್ತ ಬಣ್ಣಬಣ್ಣದ ಹಲಗೆಗಳಿರೋ ಎತ್ತರದ ಕಟ್ಟಡಗಳು ಕಾಣುತ್ತವೆ. ರಾಲ್ಫ್ ರಾಪ್‌ಸನ್ ಅನ್ನೋ ವಾಸ್ತುಶಿಲ್ಪಿ ಮಾಡಿದ್ದು, 1973ರಲ್ಲಿ ಮುಗಿದದ್ದು. ಅಲ್ಲಿ ಸೊಮಾಲಿಯಾದಿಂದ ಬಂದ ಕುಟುಂಬಗಳು ತುಂಬಾ. ಬೀದಿಯಲ್ಲಿ ನಡೆದರೆ ಸಂಬೂಸದ ವಾಸನೆ ಬರುತ್ತೆ, ನಮ್ಮ ಸಮೋಸದ ಅಣ್ಣನೇ ಅದು.

ಈ ಶಾಲೆ ಶುರುವಾದದ್ದು 1869ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಾರ್ಷಲ್ ಅನ್ನೋ ಊರಿನಲ್ಲಿ. ನಾರ್ವೆಯಿಂದ ವಲಸೆ ಬಂದ ಲೂಥರನ್ನರು ತಮ್ಮ ಪಾದ್ರಿಗಳಿಗೆ ಓದಿಸೋಕೆ ಕಟ್ಟಿಕೊಂಡದ್ದು. 1872ರಲ್ಲಿ ಮಿನಿಯಾಪೊಲಿಸ್‌ಗೆ ಬಂತು. ಲೂಥರನ್ನರು ತಮ್ಮ ನಂಬಿಕೆಯನ್ನ 1530ರಲ್ಲಿ ಬರೆದು ಚಕ್ರವರ್ತಿಯ ಮುಂದಿಟ್ಟ ಜರ್ಮನ್ ಊರು ಆಗ್ಸ್‌ಬರ್ಗ್, ಹೆಸರು ಅಲ್ಲಿಂದ. ಕಾಲೇಜು ಹೋಗಿ ಯೂನಿವರ್ಸಿಟಿ ಅಂತ ಹೆಸರಾದದ್ದು 2017ರಲ್ಲಿ. ವಲಸೆ ಬಂದವರು ಕಟ್ಟಿದ ಶಾಲೆಯ ಸುತ್ತ ಈಗ ಬೇರೆ ವಲಸಿಗರಿದ್ದಾರೆ, ಅವರ ಮಕ್ಕಳು ಅಲ್ಲೇ ಓದುತ್ತಾರೆ. ಅಕ್ಕನ ಕ್ಲಾಸಿನಲ್ಲಿ ಹಿಜಾಬ್ ಹಾಕಿದ ಹುಡುಗಿಯರೂ ಇದ್ದಾರೆ. ಲೂಥರನ್ ಶಾಲೆಯಲ್ಲಿ ಮುಸ್ಲಿಂ ಮಕ್ಕಳ ಬೇಕುಬೇಡ ನೋಡಿಕೊಳ್ಳೋಕೆ ಅಂತಲೇ ಒಬ್ಬರನ್ನ ನೇಮಿಸಿದ್ದಾರೆ ಅಂದಾಗ ನನಗೆ ಆಶ್ಚರ್ಯ ಆಯ್ತು. "ಪಕ್ಕದ ಮನೆಯವರನ್ನ ನೋಡಿಕೊಳ್ಳೋದು ಅಂದ್ರೆ ಅವರನ್ನ ನಮ್ಮಂತೆ ಮಾಡೋದಲ್ಲ ಅಲ್ವಾ?" ಅಂದರು ಅಕ್ಕ.

ಅಕ್ಕನ ಮನೆಯವರು ತಲೆಮಾರುಗಳಿಂದ ಬಾಸೆಲ್ ಮಿಶನ್ ಚರ್ಚಿನವರು. ಲೂಥರನ್ ಅಂದರೆ ನಮಗೆ ದೂರದ ಪದ ಅನ್ನಿಸುತ್ತೆ. ಆದರೆ 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ಲೂಥರನ್ ಪರಂಪರೆಯಲ್ಲೇ. ಕನ್ನಡದ ಮೊದಲ ಪತ್ರಿಕೆಗೂ ಈ ಚಳಿಯೂರಿನ ಕಾಲೇಜಿಗೂ ಎಲ್ಲೋ ಒಂದು ದೂರದ ನೆಂಟಸ್ತಿಕೆ ಇದೆ ಅಂತಾಯ್ತು!

ಅಕ್ಕ ನನ್ನನ್ನ ಹ್ಯಾಗ್‌ಫೋರ್ಸ್ ಸೆಂಟರ್ ಅನ್ನೋ ಕಟ್ಟಡಕ್ಕೆ ಕರ್ಕೊಂಡು ಹೋದರು. 2018ರ ಜನವರಿಯಲ್ಲಿ ತೆರೆದದ್ದು. ಅದರ ಪೂರ್ತಿ ಹೆಸರಿನಲ್ಲಿ ವಿಜ್ಞಾನ, ವ್ಯಾಪಾರ, ಧರ್ಮ ಮೂರೂ ಇವೆ. ಅಂದರೆ ಕೆಮಿಸ್ಟ್ರಿ ಲ್ಯಾಬು, ಬಿಸಿನೆಸ್ ಕ್ಲಾಸು, ಧರ್ಮಶಾಸ್ತ್ರದ ಮೇಷ್ಟ್ರು ಒಂದೇ ಸೂರಿನಡಿ. ನಮ್ಮಲ್ಲಿ ಮೆಕ್ಯಾನಿಕಲ್ ಬ್ಲಾಕಿನವರು ಸಿಎಸ್ ಬ್ಲಾಕಿನ ಕಡೆ ಬಂದರೆ ಹುಡುಗಿಯರನ್ನ ನೋಡೋಕೆ ಬಂದರು ಅಂತಲೇ ಲೆಕ್ಕ.

ಸಂಶೋಧನೆ ಅಂದರೆ ಪಿಎಚ್‌ಡಿಯವರ ಸೊತ್ತು ಅಂತ ನಾನು ತಿಳಿದಿದ್ದೆ. ಇಲ್ಲಿ ಡಿಗ್ರಿ ಮಕ್ಕಳೇ ಬೇಸಿಗೆ ರಜೆಯಲ್ಲಿ ಸ್ಟೈಪೆಂಡ್ ತಗೊಂಡು ಪ್ರೊಫೆಸರ ಪಕ್ಕ ಕೂತು ಕೆಲಸ ಮಾಡ್ತಾರೆ. ಉತ್ತರ ಕೆನಡಾದ ಆರ್ಕ್ಟಿಕ್ ಹಿಮದಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರುಗಳನ್ನ ಇಲ್ಲಿನ ಫಿಸಿಕ್ಸ್ ವಿಭಾಗ ದಶಕಗಳ ಕಾಲ ನಡೆಸಿದೆ, ಅದರ ಡೇಟಾ ನೋಡಿದವರಲ್ಲಿ ಡಿಗ್ರಿ ಹುಡುಗರೂ ಇದ್ದರು. ಜೀವಕೋಶದ ಪೊರೆಯಲ್ಲಿ ನೀರು ದಾಟೋ ಬಾಗಿಲನ್ನ (ಅಕ್ವಪೊರಿನ್ ಅಂತಾರೆ) ಕಂಡುಹಿಡಿದು 2003ರಲ್ಲಿ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ಪೀಟರ್ ಆಗ್ರೆ 1970ರಲ್ಲಿ ಇಲ್ಲೇ ಡಿಗ್ರಿ ಮುಗಿಸಿದ್ದು. ಅವರ ಅಪ್ಪ ಇಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದರು.

ಇದನ್ನ ಕೇಳುವಾಗ ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ನೆನಪಾಯ್ತು. ನಾವು ನಾಲ್ಕು ಜನ ಸೇರಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಅದು. ರಿಪೋರ್ಟಿಗೆ ಸುವರ್ಣಾಕ್ಷರದ ಬೈಂಡಿಂಗೂ ಅಂಗಡಿಯವನದೇ. ವೈವಾದಲ್ಲಿ "ಇದನ್ನ ಯಾರು ಬಳಸ್ತಾರೆ?" ಅಂತ ಎಕ್ಸಾಮಿನರ್ ಕೇಳಿದರು. ನಾವು ಮುಖ ಮುಖ ನೋಡಿಕೊಂಡ್ವಿ. "ಯೂಸರ್, ಸಾರ್" ಅಂದ ನಮ್ಮಲ್ಲೊಬ್ಬ. ಫಸ್ಟ್ ಕ್ಲಾಸ್ ಬಂತು!

ಇನ್ನೆರಡು ವಿಷಯ ಹೇಳಲೇಬೇಕು. ಒಂದು ಸ್ಟೆಪ್‌ಅಪ್. ಕುಡಿತ, ಡ್ರಗ್ಸ್ ಬಿಟ್ಟು ಮತ್ತೆ ಓದೋಕೆ ಬಂದ ವಿದ್ಯಾರ್ಥಿಗಳಿಗೆ ಒಟ್ಟಿಗೆ ಇರೋ ಹಾಸ್ಟೆಲು, ಮಾತಾಡೋಕೆ ಜನ, ಎಲ್ಲ ಇರೋ ವ್ಯವಸ್ಥೆ ಅದು. 1997ರಲ್ಲಿ ಶುರುಮಾಡಿದರು. ನಮ್ಮಲ್ಲಾದರೆ ಅಂಥ ಹುಡುಗನಿಗೆ ಟಿಸಿ ಕೊಟ್ಟು ಕಳಿಸೋದು ವಾಡಿಕೆ. ಇನ್ನೊಂದು ರಿವರ್ ಸೆಮಿಸ್ಟರ್. 2015ರಲ್ಲಿ ಮೊದಲ ಸಲ ಒಂದು ಕ್ಲಾಸು ದೋಣಿಗೆ ಹುಟ್ಟು ಹಾಕ್ಕೊಂಡು ಮಿಸಿಸಿಪ್ಪಿ ನದಿಗುಂಟ ಹೊರಟಿತ್ತು. ದಡದಲ್ಲಿ ಟೆಂಟು, ದೋಣಿಯಲ್ಲೇ ಪಾಠ, ನದಿಯ ನೀರೇ ಲ್ಯಾಬು, ದಾರಿಯಲ್ಲಿ ಸಿಗೋ ಊರುಗಳ ಜನವೇ ಪುಸ್ತಕ.

ಹಾಗಂತ ಇದು ಸ್ವರ್ಗ ಅಂತಲ್ಲ. ಖಾಸಗಿ ಶಾಲೆ, ಫೀಸು ಜೋರು. ಅಕ್ಕ ವಾರಾಂತ್ಯದಲ್ಲೂ ಡ್ಯೂಟಿ ಮಾಡೋದು ಯಾಕೆ ಅಂತ ನನಗೆ ಗೊತ್ತು. ಆದರೆ ಅಲ್ಲಿ ಪದೇಪದೇ ಕಿವಿಗೆ ಬಿದ್ದ ಒಂದು ಪದ 'ವೊಕೇಶನ್'. ಕರೆ ಅಂತ ಅರ್ಥ. ದೇವರ ಕರೆ ಬರೋದು ಪಾದ್ರಿಗಳಿಗೆ, ಸನ್ಯಾಸಿಗಳಿಗೆ ಮಾತ್ರ ಅಂತ ಜನ ನಂಬಿದ್ದ ಕಾಲದಲ್ಲಿ ಲೂಥರ್, ಚಪ್ಪಲಿ ಹೊಲಿಯೋನ ಕೆಲಸವೂ ಮಗು ತೊಳೆಯೋ ತಾಯಿಯ ಕೆಲಸವೂ ಅಷ್ಟೇ ದೊಡ್ಡ ಕರೆ ಅಂತ ವಾದಿಸಿದ. ನೆರೆಯವನಿಗೆ ಉಪಯೋಗ ಆಗೋ ಕೆಲಸವೇ ದೇವರ ಕೆಲಸ ಅಂತ. ನಮಗಿದು ಹೊಸದಲ್ಲ. ಲೂಥರನಿಗಿಂತ ಸುಮಾರು ನಾಲ್ಕು ನೂರು ವರ್ಷ ಮುಂಚೆ ಶರಣರು ಕಾಯಕ ಅಂದಿದ್ದರಲ್ಲ. ಬಾಯಲ್ಲಿ ಹೇಳೋದು ನಮಗೂ ಬರುತ್ತೆ. ಮಾಡಿ ನೋಡಿದ್ದು ಜನವರಿಯಲ್ಲಿ.

*

ಡೌನ್‌ಟೌನಿನಲ್ಲಿ ಸೆಂಟ್ರಲ್ ಲೂಥರನ್ ಅನ್ನೋ ದೊಡ್ಡ ಕಲ್ಲಿನ ಚರ್ಚಿದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಆಗ್ಸ್‌ಬರ್ಗಿನವರು ನಡೆಸೋ ಅಡ್ವೆಂಟ್ ವೆಸ್ಪರ್ಸ್ ಅನ್ನೋ ಸಂಗೀತ ಕಾರ್ಯಕ್ರಮಕ್ಕೆ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದೆ. 1980ರಲ್ಲಿ ಶುರುವಾದ ಸಂಪ್ರದಾಯ. ನೂರಾರು ದನಿ, ಮೇಣದಬತ್ತಿ, ಕಣ್ಣು ತುಂಬಿ ಬಂತು. ಜನವರಿಯಲ್ಲಿ ಅದೇ ಚರ್ಚಿಗೆ ಇನ್ನೊಂದು ಬಾಗಿಲಿನಿಂದ ಹೋದ್ವಿ. ಹೊರಗೆ ಮೈನಸ್ 22 ಡಿಗ್ರಿ. ಅಕ್ಕನ ಕೈಯಲ್ಲೊಂದು ಚೀಲ, ನನ್ನ ಕೈಯಲ್ಲೊಂದು. ಎರಡರ ತುಂಬಾ ಉಣ್ಣೆಯ ಕಾಲುಚೀಲ.

ಆಗ್ಸ್‌ಬರ್ಗಿನ ನರ್ಸಿಂಗ್ ವಿಭಾಗ 1992ರಲ್ಲಿ ಆ ಚರ್ಚಿನೊಳಗೆ ಒಂದು ಜಾಗ ತೆರೆಯಿತು. ಈಗ ಹೆಲ್ತ್ ಕಾಮನ್ಸ್ ಅಂತಾರೆ. ಆಸ್ಪತ್ರೆ ಅನ್ನೋ ಹಾಗಿಲ್ಲ. ಅಪಾಯಿಂಟ್‌ಮೆಂಟ್ ಬೇಡ, ಇನ್ಶೂರೆನ್ಸ್ ಬೇಡ, ದುಡ್ಡು ಬೇಡ. ಮನೆ ಇಲ್ಲದವರು, ಇದ್ದೂ ಇಲ್ಲದಂತಿರುವವರು ಬರ್ತಾರೆ. ಬಿಪಿ ನೋಡ್ತಾರೆ, ಕಾಲುಚೀಲ ಕೊಡ್ತಾರೆ, ಕಾಲಿನ ಆರೈಕೆ ಮಾಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕೂತು ಮಾತು ಕೇಳ್ತಾರೆ.

ಕಾಲೇ ಯಾಕೆ? ನಾನು ಕೇಳಿದೆ. ಅಕ್ಕ ಬೆರಳು ಮಡಚಿ ಹೇಳಿದರು. ಮನೆ ಇಲ್ಲದವನಿಗೆ ಇರೋ ಗಾಡಿ ಕಾಲೊಂದೇ. ಊಟದ ಸಾಲಿನಲ್ಲಿ ನಿಲ್ಲಬೇಕು, ಮಲಗೋ ಜಾಗದ ಸಾಲಿನಲ್ಲಿ ನಿಲ್ಲಬೇಕು, ನಡುವಿನ ಹೊತ್ತೆಲ್ಲ ನಡೀಬೇಕು. ಹಿಮದಲ್ಲಿ ಬೂಟು ಒದ್ದೆಯಾದರೆ ಒಣಗಿಸೋಕೆ ಜಾಗ ಇಲ್ಲ. ಬಿಚ್ಚಿಟ್ಟು ಮಲಗಿದರೆ ಕಳುವಾಗೋ ಭಯ. ಬಿಚ್ಚದಿದ್ದರೆ ಒಳಗೇನಾಗಿದೆ ಅಂತ ಗೊತ್ತಾಗಲ್ಲ.

ನನ್ನ ಕೆಲಸ ಕಾಫಿ ಸುರಿಯೋದು, ಟಬ್ಬಿನ ನೀರು ಬದಲಿಸೋದು. ಒಬ್ಬರು ಹಿರಿಯರು ಬಂದು ಕೂತರು. ಅಪ್ಪನ ವಯಸ್ಸು ಇರಬಹುದು. ಯಾರೂ ಫಾರಂ ಕೊಡಲಿಲ್ಲ. ಅಕ್ಕ ಅವರೆದುರು ಗಿಡ್ಡ ಸ್ಟೂಲಿನ ಮೇಲೆ ಕೂತರು. ಅಂದರೆ ಅವರಿಗಿಂತ ತಗ್ಗಿನಲ್ಲಿ. ಕೈಗವಸು ಹಾಕಿ, ನೀರು ಎಷ್ಟು ಬಿಸಿ ಅಂತ ತಾವೇ ಮುಟ್ಟಿ ನೋಡಿ, ಕಾಲು ಎತ್ತಿ ಇಟ್ಟುಕೊಂಡು ಕೇಳಿದ ಮೊದಲ ಪ್ರಶ್ನೆ, "ಇವತ್ತು ಎಲ್ಲಿಂದ ನಡೆದು ಬಂದ್ರಿ?"

ಅವರು ಹೇಳ್ತಾ ಹೋದರು. ಇವತ್ತಿನದು ಮುಗಿದು ನಿನ್ನೆಯದು, ಅದು ಮುಗಿದು ಇಪ್ಪತ್ತು ವರ್ಷದ ಹಿಂದಿನದು. ಅಕ್ಕ ಬೆರಳುಗಳ ಸಂದಿಯನ್ನ ಒಂದೊಂದಾಗಿ ಒರೆಸ್ತಾ ಕೇಳ್ತಾ ಇದ್ದರು. ಒಂದು ಕಡೆ ಕೈ ನಿಂತಿತು. "ಇಲ್ಲಿ ನೋವಿದೆಯಾ?"

"ಇಲ್ಲ, ಏನೂ ನೋವಿಲ್ಲ" ಅಂದರು ಅವರು ಖುಷಿಯಿಂದ. ಅಕ್ಕನ ಮುಖ ಬದಲಾದದ್ದು ನನಗೆ ಕಾಣಿಸಿತು. ಎದ್ದು ಹೋಗಿ ಅಲ್ಲಿನ ಮೇಡಂ ಜೊತೆ ಮೆಲ್ಲಗೆ ಮಾತಾಡಿದರು.

ವಾಪಸ್ ಬರೋವಾಗ ಕೇಳಿದೆ, ನೋವಿಲ್ಲ ಅಂದರೆ ಒಳ್ಳೇದಲ್ವಾ ಅಕ್ಕ?

"ಅವರ ವಿಷಯ ನಾನು ಹೇಳುವ ಹಾಗಿಲ್ಲ. ಪುಸ್ತಕದ್ದು ಹೇಳ್ತೇನೆ ಕೇಳು" ಅಂದರು. "ಸಕ್ಕರೆ ಕಾಯಿಲೆ ಹಳೇದಾದರೆ ಕಾಲಿನ ನರ ಸಾಯ್ತಾ ಬರ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಬೂಟು ಕಚ್ಚಿದರೂ ಗೊತ್ತಾಗುವುದಿಲ್ಲ. ರಕ್ತ ಸರಿ ಹೋಗದೆ ಗಾಯ ಮಾಯುವುದಿಲ್ಲ. ಕಣ್ಣೆದುರು ಗಾಯ ಉಂಟು, ಅವ ನೋವಿಲ್ಲ ಅಂತಾನೆ. ನಮಗೆ ಹೆದರಿಕೆ ಆಗಬೇಕಾದ್ದೇ ಆ ಮಾತಿಗೆ."

ಆಮೇಲೆ ಅವರು ಮ್ಯಾಡೆಲಿನ್ ಲೈನಿಂಗರ್ ಅನ್ನೋರ ಬಗ್ಗೆ ಹೇಳ್ತಾ ಇದ್ದರು. ನರ್ಸೂ ಮಾನವಶಾಸ್ತ್ರಜ್ಞೆಯೂ ಆಗಿದ್ದವರು. 1960ರ ದಶಕದಲ್ಲಿ ನ್ಯೂಗಿನಿಯ ಹಳ್ಳಿಗಳಲ್ಲಿ ಇದ್ದು, ಆರೈಕೆ ಅನ್ನೋದು ಒಂದೊಂದು ಜನರಲ್ಲಿ ಒಂದೊಂದು ಥರ, ಮೊದಲು ಅವರ ಬದುಕು ಕೇಳು ಆಮೇಲೆ ಔಷಧಿ ಕೊಡು ಅಂತ ಒಂದು ಶಾಸ್ತ್ರವನ್ನೇ ಕಟ್ಟಿದವರು. ಆಗ್ಸ್‌ಬರ್ಗಿನಲ್ಲಿ ಅದರಲ್ಲೇ ಎಂಎ, ಡಾಕ್ಟರೇಟ್ ತನಕ ಓದಿಸಿದ್ದಾರಂತೆ. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. 'ನೋವಿಲ್ಲ' ಅನ್ನೋ ಮಾತನ್ನ ನಾನು ಬೇರೆ ಕಡೆ ಕೇಳಿದ್ದೆ.

*

ನಮ್ಮಪ್ಪ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತಿಪಟೂರಿನಲ್ಲಿ ಮನೆ. ಹನ್ನೆರಡು ವರ್ಷದಿಂದ ಶುಗರ್. ನಾನು ಪ್ರತಿ ಭಾನುವಾರ ರಾತ್ರಿ ಫೋನ್ ಮಾಡ್ತೀನಿ, ಅಲ್ಲಿ ಸೋಮವಾರ ಬೆಳಗ್ಗೆ. ಮಾತು ಯಾವಾಗಲೂ ಹೀಗೇ:

"ಅಪ್ಪ, ಶುಗರ್ ಎಷ್ಟು?"

"ನೂರೈವತ್ತು."

"ಮಾತ್ರೆ?"

"ತಗಂಡೆ."

"ಕಾಲ್ನೋವು ಏನಾದ್ರೂ ಇದ್ಯಾ?"

"ಏನೂ ಇಲ್ಲ ಕಣ್ಲಾ, ಚೆನ್ನಾಗಿದೀನಿ. ತಗ, ಅಮ್ಮನ ಕೈಲಿ ಮಾತಾಡು."

ಎರಡು ನಿಮಿಷ. ನಾನೂ ಅಪ್ಪನಿಗೆ ಒಂದು ಫಾರಂ ಮಾಡಿಟ್ಟಿದ್ದೆ. ಅಪ್ಪ ವಾರ ವಾರ ಕಡ್ಡಾಯದ ಡಬ್ಬಿಗಳನ್ನ ತುಂಬುತ್ತಿದ್ದರು, ನಾನು ಸಬ್ಮಿಟ್ ಒತ್ತುತ್ತಿದ್ದೆ.

ಆ ಭಾನುವಾರ ವಿಡಿಯೋ ಕಾಲ್ ಮಾಡಿದೆ. "ಅಪ್ಪ, ಕಾಲು ತೋರ್ಸು" ಅಂದೆ.

"ಏನ್ಲಾ ಇದು? ಅಪ್ಪ ಮಗನಿಗೆ ಕಾಲು ತೋರ್ಸೋದಾ?" ನಕ್ಕರು. ಆಮೇಲೆ ಬೈದರು. ನಾನು ಬಿಡಲಿಲ್ಲ. ಕೊನೆಗೆ ಅಮ್ಮ ಫೋನ್ ಹಿಡಿದುಕೊಂಡು ಬಗ್ಗಿದರು. ಬಲಗಾಲು ಸರಿ ಇತ್ತು. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಹಳದಿ ಕಂಡಿತು.

"ಅದೇನಮ್ಮ?"

"ಅರಿಶಿನ ಕಣೋ. ಚಪ್ಪಲಿ ಕಚ್ಚಿತ್ತು, ಅವರೇ ಹಚ್ಕಂಡವ್ರೆ. ನೋವೇನೂ ಇಲ್ವಂತೆ."

ಒರೆಸು ಅಂದೆ. ಒರೆಸಿದರು. ಅರಿಶಿನದ ಕೆಳಗೆ ಕಪ್ಪು.

ಒಂದು ಮಾತು ಹೇಳ್ತೀನಿ. ಯುಗಾದಿ, ಗೌರಿ ಹಬ್ಬ, ಇಂಜಿನಿಯರಿಂಗ್ ಸೀಟು ಸಿಕ್ಕಾಗ, ಕೆಲಸ ಸಿಕ್ಕಾಗ, ಅಮೆರಿಕಕ್ಕೆ ಹೊರಟಾಗ, ಪ್ರತಿ ಸಲವೂ ಆ ಕಾಲಿಗೆ ಬಿದ್ದಿದ್ದೀನಿ. ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೀನಿ. ಒಂದು ಸಲವೂ ಅದನ್ನ ನೋಡಿರಲಿಲ್ಲ.

ಅವತ್ತೇ ಮಾವ ಅಪ್ಪನನ್ನ ತುಮಕೂರಿಗೆ ಕರ್ಕೊಂಡು ಹೋದರು. ನಾಲ್ಕನೇ ದಿನ ಆಪರೇಷನ್. ಕಿರುಬೆರಳು ಹೋಯ್ತು, ಕಾಲು ಉಳೀತು. ನಾನು ರಜೆ ಹಾಕಿ ಮೂರು ವಾರ ಊರಿಗೆ ಹೋದೆ. ಬರೆಯದೆ ಇದ್ದದ್ದು ಇದಕ್ಕೆ.

ಗಾಯ ಮಾಯ್ತಾ ಬಂದ ಮೇಲೆ, ದಿನಾ ಬೆಳಗ್ಗೆ ಅಪ್ಪನನ್ನ ಕುರ್ಚಿ ಮೇಲೆ ಕೂರಿಸಿ ನಾನು ಮಣೆ ಹಾಕ್ಕೊಂಡು ಕೆಳಗೆ ಕೂತು ಕಾಲು ಒರೆಸ್ತಿದ್ದೆ. ಮೊದಲೆರಡು ದಿನ ಅಪ್ಪ ಕಿಟಕಿ ಆಚೆ ನೋಡ್ಕೊಂಡು ಕೂತಿದ್ದರು. ನಾಚಿಕೆ. ಮೂರನೇ ದಿನ, ಏನು ಮಾತಾಡೋದು ಅಂತ ತೋಚದೆ, ಅಕ್ಕ ಕೇಳಿದ್ದನ್ನೇ ಸ್ವಲ್ಪ ತಿರುಗಿಸಿ ಕೇಳಿದೆ. "ಅಪ್ಪ, ಡ್ಯೂಟಿಲಿ ಯಾವ್ ರೂಟಲ್ಲಿ ಜಾಸ್ತಿ ನಿಂತ್ಕಂಡಿದ್ದೆ?"

ಅಪ್ಪ ತಿರುಗಿ ನೋಡಿದರು. ಆಮೇಲೆ ಶುರುವಾಯ್ತು ನೋಡಿ. ಹಾಸನದ ರೂಟು, ಅರಸೀಕೆರೆ ಜಾತ್ರೆ ದಿನ ಫುಟ್‌ಬೋರ್ಡಿನಲ್ಲೇ ಒಂದು ಕಾಲಲ್ಲಿ ನಿಂತದ್ದು, ಬಸ್ಸಿನಲ್ಲೇ ಹೆರಿಗೆ ನೋವು ಬಂದ ಹೆಂಗಸನ್ನ ಆಸ್ಪತ್ರೆ ಬಾಗಿಲ ತನಕ ಬಸ್ಸಲ್ಲೇ ತಲುಪಿಸಿದ್ದು, ನಾನು ಹುಟ್ಟಿದ ದಿನ ರಜೆ ಸಿಗದೆ ಡ್ಯೂಟಿ ಮುಗಿಸಿ ರಾತ್ರಿ ನಾಲ್ಕು ಮೈಲಿ ನಡೆದು ಬಂದು ನನ್ನ ಮುಖ ನೋಡಿದ್ದು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಮನೆಯವರು ನಾವು.

*

ಈಗ ಮತ್ತೆ ಮಿನಿಯಾಪೊಲಿಸ್. ಬಂದ ವಾರವೇ ಆ ಕೆಂಪು ನಕ್ಷತ್ರ ತೆಗೆಯಬೇಕು ಅಂತ ಒಂದು ಟಿಕೆಟ್ ಹಾಕಿದೆ. ಮ್ಯಾನೇಜರ್ ಓದಿ "ಒಳ್ಳೆ ಪಾಯಿಂಟು" ಅಂದರು. ಟಿಕೆಟ್ ಬ್ಯಾಕ್‌ಲಾಗಿನಲ್ಲಿದೆ. ಪ್ರತಿ ಸೋಮವಾರ ಮೀಟಿಂಗಿನಲ್ಲಿ ಅದನ್ನ ಎತ್ತುತ್ತೀನಿ, ಈಗೀಗ ನಾನು ಬಾಯಿ ತೆಗೆಯೋ ಮುಂಚೆಯೇ ಎಲ್ಲರೂ ನಗ್ತಾರೆ. ನಗಲಿ. ತಿಂಗಳಿಗೊಂದು ಸಲ ಅಕ್ಕನ ಜೊತೆ ಕಾಲುಚೀಲದ ಚೀಲ ಹೊತ್ತುಕೊಂಡು ಹೋಗ್ತೀನಿ. ಆ ಹಿರಿಯರು ಮತ್ತೆ ಕಾಣಿಸಲಿಲ್ಲ. ಆಸ್ಪತ್ರೆಗೆ ಹೋದರೋ ಏನೋ, ಅಕ್ಕ ಹೇಳೋ ಹಾಗಿಲ್ಲ, ನಾನು ಕೇಳೋ ಹಾಗಿಲ್ಲ.

ಓದ್ತಿರೋರಲ್ಲಿ ಮನೆಯಲ್ಲಿ ಶುಗರ್ ಇರೋರು ತುಂಬಾ ಜನ ಇರ್ತೀರಿ. ಅಕ್ಕ ಹೇಳಿಕೊಟ್ಟದ್ದನ್ನ ಇಲ್ಲಿ ಬರೆದಿಡ್ತೀನಿ. ದಿನಕ್ಕೊಂದು ಸಲ ಕಾಲು ನೋಡಬೇಕು, ಬೆರಳ ಸಂದಿ ಸಮೇತ. ಅಂಗಾಲು ಕಾಣದಿದ್ದರೆ ಕೆಳಗೊಂದು ಕನ್ನಡಿ ಇಟ್ಟು ನೋಡಬೇಕು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಬೂಟು, ಚಪ್ಪಲಿ ಹಾಕೋ ಮುಂಚೆ ಒಳಗೆ ಕೈ ಹಾಕಿ ಕಲ್ಲು, ಮೊಳೆ ಏನಾದರೂ ಇದೆಯಾ ನೋಡಬೇಕು. ಬಿಸಿನೀರನ್ನ ಕಾಲಿಂದ ಅಳೆಯಬಾರದು, ಕಾಲಿಗೆ ಗೊತ್ತಾಗಲ್ಲ. ಗಾಯ ಕಂಡರೆ ಅರಿಶಿನ ಹಚ್ಚಿ ಕೂರದೆ ಡಾಕ್ಟರ ಹತ್ತಿರ ಹೋಗಬೇಕು. 'ನೋವಿಲ್ಲ' ಅಂದರೆ ಇನ್ನೂ ಬೇಗ ಹೋಗಬೇಕು.

ಇವತ್ತು ಭಾನುವಾರ. ಇನ್ನು ಹತ್ತು ನಿಮಿಷಕ್ಕೆ ಊರಿಗೆ ಫೋನ್ ಮಾಡಬೇಕು. ಅಪ್ಪ ಈಗ ನಾನು ಕೇಳೋ ಮುಂಚೆಯೇ ಕ್ಯಾಮೆರಾ ಮುಂದೆ ಕಾಲು ಹಿಡಿದು, "ನೋಡ್ಲಾ, ಒಂಬತ್ತೂ ಸರಿಯಾಗವೆ" ಅಂತಾರೆ. ಆಮೇಲೆ ಬಸ್ಸಿನ ಕಥೆ. ಹೋದ ವಾರ ಹುಳಿಯಾರಿನ ಹತ್ತಿರ ಟೈರ್ ಪಂಕ್ಚರ್ ಆದಲ್ಲಿಗೆ ನಿಂತಿದೆ. ಮುಂದೇನಾಯ್ತು ಅಂತ ಕೇಳಬೇಕು.